ಪ್ರೊಸೆಸರಿನ ಪಾಲಿನ ಗಾಳಿ

ನಮ್ಮ ಮನೆಯವರು ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಯಾವ ಯಂತ್ರ ಕಂಡರೂ ಇದು ಇನ್ನೂ ಸ್ವಲ್ಪ ಜೋರಾಗಿ ಓಡಬಲ್ಲದು ಎಂಬ ಗುಮಾನಿ ಅವರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಪಿಎಚ್.ಡಿ. ಪ್ರಬಂಧ ಟೈಪ್ ಮಾಡಲೆಂದು ನವನಗರದ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಆ ಗುಮಾನಿ ಅದರ ಮೇಲೂ ಬಿತ್ತು. ಮುನ್ನೂರು ಮೆಗಾಹರ್ಟ್ಸ್ ವೇಗದ ಪ್ರೊಸೆಸರ್ ಅದು. ಒಂದು ಭಾನುವಾರ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಏನೋ ಸೆಟ್ಟಿಂಗ್ ಬದಲಿಸಿ, ನಾನೂರೈವತ್ತಕ್ಕೆ ಏರಿಸಿದರು. ನಾನೋ ಎರಡು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವಳು. ಮುನ್ನೂರರಲ್ಲೇ ಅದು ನನಗಾಗಿ ಕಾದು ಕಾದು ಬೇಸತ್ತಿರಬೇಕು.

"ಬಿಸಿ ಆಗೂದಿಲ್ಲೇನ್ರಿ?" ಎಂದೆ.

"ಆಗ್ತದ. ಲೇಥ್ ಸ್ಪೀಡ್ ಏರಿಸಿದ್ರ ತಂಪ ಆಗ್ಲಿ ಅಂತ ಕೂಲಂಟ್ ಹೆಚ್ಚ ಬಿಡ್ತೇವಿ. ಇದಕ್ಕ ಗಾಳಿ ಬಿಟ್ರಾತು," ಎಂದವರೇ ಅತ್ತೆಯ ಹಾಸಿಗೆಯ ಬಳಿಯಿದ್ದ ಟೇಬಲ್ ಫ್ಯಾನ್ ತಂದು, ಬಿಚ್ಚಿದ ಬದಿಗೆ ನೇರವಾಗಿ ಇಟ್ಟರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ನಾನೂರೈವತ್ತರ ಸುದ್ದಿ ಸಿಗುತ್ತಿತ್ತು.

ಏಪ್ರಿಲ್ ಬಂತು. ನಾನು ಪಾಠ ಮಾಡುತ್ತಿದ್ದ ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು, ಮಧ್ಯಾಹ್ನವೆಲ್ಲ ಟೈಪಿಂಗ್. ನನ್ನ ಮಾರ್ಗದರ್ಶಕರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಕೊನೆಯ ಅಧ್ಯಾಯ ಅವರ ಕೈಸೇರದಿದ್ದರೆ ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು. ಸರಿಯಾಗಿ ಆಗಲೇ ಕಂಪ್ಯೂಟರ್ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ನಿಂತಲ್ಲೇ ನಿಲ್ಲತೊಡಗಿತು. ಒಂದು ದಿನ ನಾಲ್ಕು ಪುಟ ಹೋದವು. ಕೂತಲ್ಲೇ ಅತ್ತುಬಿಟ್ಟೆ.

"ಸೇವ್ ಯಾಕ ಮಾಡ್ಲಿಲ್ಲ?" ಎಂದು ಮನೆಯವರು ಕೇಳಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವರು ಧೂಳು ಊದಿದರು, ಪ್ರೊಸೆಸರಿಗೆ ಶಾಖ ಎಳೆಯುವ ಹೊಸ ಪೇಸ್ಟ್ ಬಳಿದರು, ಕರೆಂಟಿನವರನ್ನು ಬೈದರು. ನಾನೂರೈವತ್ತನ್ನು ಮಾತ್ರ ಮುಟ್ಟಲಿಲ್ಲ.

ಕೊನೆಗೊಂದು ದಿನ ರಜೆ ಹಾಕಿ ಕಾವಲು ಕೂತರು. ಎರಡೂವರೆಗೆ ಅತ್ತೆ ನಿದ್ದೆಯಿಂದ ಎದ್ದು ಬಂದು ಫ್ಯಾನಿನ ಹಿಂದಿನ ಗುಂಡಿ ಒತ್ತಿದರು. ಫ್ಯಾನ್ ಕತ್ತು ತಿರುಗಿಸುತ್ತ ಒಮ್ಮೆ ಪೆಟ್ಟಿಗೆಗೆ, ಒಮ್ಮೆ ನನಗೆ ಗಾಳಿ ಬೀಸತೊಡಗಿತು. ದಿನವೂ ಆ ಗಾಳಿ ನನ್ನ ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಎಲ್ಲಿಂದ ಬರುತ್ತಿದೆಯೆಂದು ಯೋಚಿಸುವಷ್ಟು ಬುದ್ಧಿ ಪಿಎಚ್.ಡಿ. ಮಾಡುತ್ತಿದ್ದವಳಿಗೆ ಇರಲಿಲ್ಲ.

"ಅವ್ವಾ, ಇದೇನ ಮಾಡಾಕತ್ತೀ?"

"ಆಕಿ ಬೆವತು ನೀರಾಗ್ಯಾಳ. ಡಬ್ಬಿಗೇನ ಶಕಿ ಆಗ್ತದ? ಆಕಿಗೂ ಸ್ವಲ್ಪ ಗಾಳಿ ಬರ್ಲಿ."

ಸಂಜೆ ಫ್ಯಾನ್ ಆರಿಸುವಾಗ, ಮಗ ಇಟ್ಟಂತೆಯೇ ಇರಲೆಂದು ಗುಂಡಿಯನ್ನು ಎತ್ತಿಬಿಡುತ್ತಿದ್ದರಂತೆ. ಮನೆಯವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು.

ಮರುದಿನ ಕಂಪ್ಯೂಟರ್ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಮುನ್ನೂರು ಎಂದು ಮೂಡಿತು. ಅವರು ನನಗೆ ಬೆನ್ನು ಮಾಡಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಮನುಷ್ಯನ ಮೇಲೆ ಅಷ್ಟೊಂದು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಅಧ್ಯಾಯ ಮಾರ್ಗದರ್ಶಕರ ಕೈಸೇರಿತು. ಆ ಸಂಜೆ ಪಕ್ಕದ ಮನೆಯವರು ಚಹಾಕ್ಕೆ ಬಂದಿದ್ದರು.

"ಈಗೂ ನಾನೂರೈವತ್ತರ ಮ್ಯಾಲೇ ಓಡಾಕತ್ತದೇನ್ರಿ?" ಎಂದು ಕೇಳಿದರು.

ನಮ್ಮವರು ಬಾಯಿ ತೆರೆದವರು ಚಹಾದ ಬಸಿಗೆ ಊದತೊಡಗಿದರು.

"ಹೌದ್ರಿ," ಎಂದೆ ನಾನು. "ಒಂದ ದಿನಾನೂ ನಿಂತಿಲ್ಲ."