ಉದ್ದ ಹುಡುಗನನ್ನು ಹರಾಜಿಗೆ ಬಿಟ್ಟ ವರ್ಷ

ಗೌರಿಬಿದನೂರಿನ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ತಳ್ಳುಗಾಡಿಯಲ್ಲಿ ಹೂ ಮಾರುತ್ತಾಳೆ. ಪಕ್ಕದ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ಬಂದು ಬಸ್ಸಿಳಿದಾಗ ನಾನು ಬೇಕೆಂದೇ ಅವಳ ಗಾಡಿಯ ಪಕ್ಕ ನಿಲ್ಲುತ್ತೇನೆ. ನೀರು ಚಿಮುಕಿಸಿದ ಗೋಣಿಚೀಲದ ಕೆಳಗಿಂದ ಮರುಗದ ವಾಸನೆ ಎದ್ದು ಬಂತೆಂದರೆ ಮುಗಿಯಿತು. ಕಂಡಕ್ಟರುಗಳ ಕೂಗೆಲ್ಲ ಅಡಗಿ, ಚಿಕ್ಕಬಳ್ಳಾಪುರದ ನಮ್ಮ ಹಳೇ ಮನೆಯಲ್ಲಿ ಅಪ್ಪ ಗಂಟಲು ಹರಿದುಕೊಳ್ಳುವುದು ಕೇಳಿಸುತ್ತದೆ. "ಅವನನ್ನ ಬಿಟ್ಟುಬಿಟ್ರಲ್ಲೇ! ಇವರಿಗೇನು ತಲೆ ಕೆಟ್ಟೈತಾ?" ಬೈಗುಳ ಯಾರಿಗೆ ಅಂದುಕೊಂಡಿರಿ? ದಾಯಾದಿಗಳಿಗಲ್ಲ, ಬೆಂಗಳೂರಿನ ನಮ್ಮ ಕ್ರಿಕೆಟ್ ಟೀಮಿನ ಮಾಲೀಕರಿಗೆ! ನಮ್ಮಪ್ಪ ಎಂಬ ಹೂವಿನ ವ್ಯಾಪಾರಿಯೊಬ್ಬ ಈ ಭೂಮಿಯ ಮೇಲಿದ್ದಾನೆಂಬುದೇ ಅವರಿಗೆ ಗೊತ್ತಿರಲಿಲ್ಲ ಬಿಡಿ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಇದ್ದರೆ ನಾನು ಹೇಳುವುದು ನಿಮಗೆ ಬೇಗ ಅರ್ಥವಾಗುತ್ತದೆ.

ನಮ್ಮದು ಹೂ ಕಟ್ಟುವ ಮನೆ. ಅಪ್ಪ ಬೆಳಗ್ಗೆ ಮಾರುಕಟ್ಟೆಯಿಂದ ತಂದ ಸೇವಂತಿಗೆ, ಕಾಕಡ, ಕನಕಾಂಬರ, ಮರುಗ ಎಲ್ಲವೂ ನಡುಮನೆಯ ಒದ್ದೆ ಗೋಣಿಗಳ ಮೇಲೆ ಗುಡ್ಡೆ ಬೀಳುತ್ತಿತ್ತು. ಅಜ್ಜಿ, ಅಮ್ಮ, ಶಾಲೆ ಬಿಟ್ಟು ಬಂದ ನಾನು, ಮೂವರೂ ಗುಡ್ಡೆಯ ಸುತ್ತ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಾರುಗಟ್ಟಲೆ ಕಟ್ಟುತ್ತಿದ್ದೆವು. ಕೈಗೆ ಬೇಕಾದಷ್ಟು ಕೆಲಸ, ಬಾಯಿಗೆ ಏನೂ ಇಲ್ಲ. ಹಾಗಾಗಿ ಬಾಯಿಗೆ ಟೀಮು ಸಿಕ್ಕಿತು. ಟೀವಿ ಇತ್ತು, ಆದರೆ ಅದು ಅಜ್ಜಿಯ ಧಾರಾವಾಹಿಗಳ ಆಸ್ತಿ, ಮ್ಯಾಚು ಇದ್ದ ದಿನ ಮಾತ್ರ ಅಪ್ಪನಿಗೆ ದಯಪಾಲಿಸುತ್ತಿದ್ದಳು. ಉಳಿದ ಸುದ್ದಿಯೆಲ್ಲ ನಮಗೆ ಬರುತ್ತಿದ್ದದ್ದು ಹೂ ಸುತ್ತಿಕೊಟ್ಟ ಹಳೇ ಪೇಪರಿನಲ್ಲಿ. ಮರುಗದ ಕಟ್ಟು ಬಿಚ್ಚಿದೊಡನೆ ಅಪ್ಪ ಆ ಒದ್ದೆ ಹಾಳೆಯನ್ನು ಹರಿಯದಂತೆ ಬಿಡಿಸಿ, ಕ್ರೀಡಾಪುಟ ಇದೆಯೇ ಎಂದು ಹುಡುಕುತ್ತಿದ್ದ. ಸಿಕ್ಕರೆ ಜೋರಾಗಿ ಓದುತ್ತಿದ್ದ, ನಾವು ಕಚ್ಚಾಡುತ್ತಿದ್ದೆವು. ಒಂದು ಸಲ ಕ್ಯಾಪ್ಟನ್ನನ್ನು ಬದಲಾಯಿಸಬೇಕೋ ಬೇಡವೋ ಎಂದು ಮಧ್ಯಾಹ್ನವೆಲ್ಲ ಜಗಳವಾಡಿ, ಅಮ್ಮ ಮುನಿಸಿಕೊಂಡು ಅಪ್ಪನಿಗೆ ಕಾಫಿ ಕೊಡದೆ ಕೂತ ಮೇಲೆ ತಿಳಿಯಿತು, ಬದಲಾಯಿಸಿ ಆಗಲೇ ವಾರವಾಗಿತ್ತು. ಅಜ್ಜಿ ಬಾಗೇಪಲ್ಲಿ ಕಡೆಯವಳು, ಬಾಯಿ ಬಿಟ್ಟರೆ ಅರ್ಧ ತೆಲುಗು. "ಪೋನೀಲೇ, ಅವರು ಮಾಡ್ಕೊಂಡ್ರೆ ಮಾಡ್ಕೊಳ್ಳಿ. ನಾವು ಒಪ್ಪಿಲ್ಲ ತಾನೆ?" ಎಂದು ದಾರ ಎಳೆದು ಗಂಟು ಹಾಕಿದಳು.

ಎಲ್ಲರೂ ಒಪ್ಪುವ ಒಂದೇ ವಿಷಯವೆಂದರೆ ಉದ್ದ ಹುಡುಗ. ಅವನೊಬ್ಬ ವೇಗದ ಬೌಲರು, ತೆಂಗಿನ ಮರದಂತೆ ಬೆಳೆದಿದ್ದ. ಅವನ ಹೆಸರು ಅಜ್ಜಿಯ ನಾಲಿಗೆಗೆ ಹೊರಳದೆ ಅವಳು ಉದ್ದ ಹುಡುಗ ಎಂದಳು, ನಮಗೂ ಅದೇ ಗಟ್ಟಿಯಾಯಿತು. ಅವನ ಊರು ಎಲ್ಲೋ, ಭಾಷೆ ಯಾವುದೋ. ಆದರೂ ಅವನು ಓಡಿ ಬರುವಾಗ ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು, ವಿಕೆಟ್ ಬಿದ್ದರೆ "ನಮ್ಮ ಕೂಸು!" ಎನ್ನುತ್ತಿದ್ದಳು.

ಸುಗುಣತ್ತೆ ಅಪ್ಪನ ಒಬ್ಬಳೇ ತಂಗಿ, ಚಿಂತಾಮಣಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಆ ವರ್ಷ ದೀಪಾವಳಿಗೆಂದು ಬಂದವಳು ಹಬ್ಬ ಮುಗಿದರೂ ಹೊರಡಲಿಲ್ಲ. ಅವಳ ಎಡಗೈಯ ಕಿರುಬೆರಳು ಬಾತುಕೊಂಡು ಸೊಟ್ಟಗಾಗಿತ್ತು. ಅಜ್ಜಿ ಎಣ್ಣೆ ಕಾಯಿಸಿ ಹಚ್ಚಿದಳು, ಅಪ್ಪ ಮುಲಾಮು ತಂದ, ಅಮ್ಮ ಭಾರದ ಕೆಲಸ ಮುಟ್ಟಗೊಡಲಿಲ್ಲ. ಏನಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಬಂದಿದ್ದರೆ ಏನಾದರೂ ಮಾಡಬೇಕಾಗುತ್ತಿತ್ತು. ಪ್ರೀತಿಗೇನೂ ಕೊರತೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬಾಯಿಗೆ ಮಾತ್ರ ಬೀಗ ಬಿದ್ದಿತ್ತು. ಅತ್ತೆ ನಮ್ಮ ಗುಡ್ಡೆಯ ಸುತ್ತ ನಾಲ್ಕನೆಯವಳಾಗಿ ಕೂತಳು, ಸೊಟ್ಟ ಬೆರಳನ್ನು ಎತ್ತಿ ಹಿಡಿದುಕೊಂಡೇ ನಮ್ಮೆಲ್ಲರಿಗಿಂತ ಚೆನ್ನಾಗಿ ಕಟ್ಟಿದಳು. ಜಗಳದಲ್ಲೂ ಹಿಂದೆ ಬೀಳಲಿಲ್ಲ. ಅಣ್ಣತಂಗಿ ಇಬ್ಬರೂ ಒಂದು ಕ್ಯಾಚು ಕೈಬಿಟ್ಟದ್ದರ ಬಗ್ಗೆ ಒಂದು ಬುಟ್ಟಿ ಹೂ ಮುಗಿಯುವಷ್ಟು ಹೊತ್ತು ವಾದಿಸುವುದನ್ನು ನೋಡಿ ಅಮ್ಮ, "ಇಬ್ಬರನ್ನೂ ಅದೇ ಟೀಮಿಗೇ ಕಳಿಸ್ಬೇಕು, ಮನೆ ತಣ್ಣಗಾಗುತ್ತೆ" ಎಂದು ನಗುತ್ತಿದ್ದಳು. ಒಂದು ಸಂಜೆ ನನ್ನ ಜಡೆ ಹಾಕುತ್ತಾ ಅತ್ತೆ ಮೆಲ್ಲಗೆ ಹೇಳಿದಳು. "ನಾನು ಇನ್ನು ಅಲ್ಲಿಗೆ ಹೋಗಲ್ಲ ಕಣಮ್ಮಾ. ಇಲ್ಲೇ ಹೂ ಕಟ್ಕೊಂಡು ಇದ್ಬಿಡ್ತೀನಿ. ಅಣ್ಣ ಒಂದು ಮಾತು 'ಇರು' ಅಂದ್ರೆ ಸಾಕು." ನನಗಂತೂ ಕುಣಿಯುವಷ್ಟು ಖುಷಿಯಾಯಿತು. ಅಪ್ಪ ಅನ್ನದೆ ಇರುತ್ತಾನೆಯೇ ಎಂದುಕೊಂಡೆ.

ಚಳಿಗಾಲದಲ್ಲಿ, ಮನೆ ತುಂಬ ಅವರೆಕಾಯಿ ಸೊಗಡಿರುವಾಗ, ಆ ಸುದ್ದಿ ಬಂತು. ಕೋಚ್ ಜೊತೆ ಜಗಳ, ತಲೆ ತಿರುಗಿದ ಹುಡುಗ ಎಂದೆಲ್ಲ ಬರೆದು, ಉದ್ದ ಹುಡುಗನನ್ನು ಟೀಮಿನವರು ಕೈಬಿಟ್ಟಿದ್ದಾರೆ, ಹರಾಜಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಎಂದು ಪೇಪರಿನಲ್ಲಿತ್ತು. ಅಪ್ಪ ಅವತ್ತು ಹಿತಕಬೇಳೆ ಸಾರನ್ನೂ ಅರ್ಧಕ್ಕೆ ಬಿಟ್ಟು ಎದ್ದ. ಕೆಲವು ದಿನಗಳ ಮೇಲೆ ಮತ್ತೊಂದು ಒದ್ದೆ ಹಾಳೆಯಲ್ಲಿ, ನಮ್ಮವರೇ ಅವನನ್ನು ಹರಾಜಿನಲ್ಲಿ ಮತ್ತೆ ಕೊಂಡರೂ ಕೊಳ್ಳಬಹುದು ಎಂದಿತ್ತು. ನಡುಮನೆ ಹತ್ತಿ ಉರಿಯಿತು. ಒಂದು ಸಲ ಬಿಟ್ಟವನನ್ನು ಮತ್ತೆ ಕರೆದರೆ ಜನ ಏನಂತಾರೆ ಎಂದು ಅಮ್ಮ ರಾಗ ತೆಗೆದಳು. "ಜನ! ಜನ ಬಂದು ಬೌಲಿಂಗ್ ಮಾಡ್ತಾರೇನೇ?" ಎಂದು ಅಪ್ಪ ಎಗರಿದ. ಆಮೇಲೆ ಅವನು ಆಡಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ನಮ್ಮ ಮನೆ ಹುಡುಗ ಅವನು. ಮರ್ಯಾದೆ ಇಲ್ದಿರೋ ಕಡೆ ಹೋಗಿ ಯಾಕೆ ಸಾಯ್ಬೇಕು? ಬಾರಪ್ಪಾ, ನಿನ್ನ ಜಾಗ ಇಲ್ಲೈತೆ ಅಂತ ಕರೀಬೇಕು. ಕರೆಯೋಕೆ ಎದೆ ಬೇಕು, ಎದೆ!" ಅವನ ಕಣ್ಣು ಒದ್ದೆಯಾಗಿತ್ತು. ಸುಳ್ಳಲ್ಲ, ಅಜ್ಜಿಯೂ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅದರ ಹಿಂದಿನ ದಿನವಷ್ಟೇ ಚಿಂತಾಮಣಿಯ ಕಡೆಯಿಂದ, ಅತ್ತೆಯ ಗಂಡನ ಮನೆಯವರ ಪರವಾಗಿ, ಇಬ್ಬರು ಹಿರಿಯರು ಬಂದು, ಕಾಫಿ ಕುಡಿದು, ಭಾನುವಾರ ಹೆಣ್ಣುಮಗಳನ್ನು ಕಳಿಸಿಕೊಡಿ ಎಂದು ಹೇಳಿ ಹೋಗಿದ್ದರು. ಅಪ್ಪ "ಆಗಲಿ, ನೋಡೋಣ" ಎಂದಷ್ಟೇ ಅಂದಿದ್ದ. ಈಗ ಅಪ್ಪನ ಮಾತು ಮುಗಿದಾಗ ಅತ್ತೆ ಕೈಯಲ್ಲಿದ್ದ ಕನಕಾಂಬರವನ್ನು ಕೆಳಗಿಟ್ಟಳು. "ಅಣ್ಣಾ, ಹಂಗಾದ್ರೆ ನಾನೂ ಇಲ್ಲೇ ಇದ್ಬಿಡ್ಲಾ?" ಎಂದು ಕೇಳಿದಳು. ಬೇಡಿಕೊಂಡಂತಿರಲಿಲ್ಲ, ಮೆತ್ತಗೆ, ನಗುಮುಖದಲ್ಲೇ ಕೇಳಿದಳು. ಅಪ್ಪ ಪೇಪರನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. "ಅತ್ತೆ ಇಲ್ಲೇ ಇರಲಿ ಅಪ್ಪಾ" ಎಂದು ನಾನು ಬಾಯಿ ಹಾಕಿದೆ, ಅಮ್ಮ ತೊಡೆ ಚಿವುಟಿದಳು. ಕೊನೆಗೆ ಅಪ್ಪ ತಲೆ ಎತ್ತದೆ, "ಅದು ಬೇರೆ, ಇದು ಬೇರೆ ಕಣಮ್ಮಾ" ಎಂದ. ಅತ್ತೆ "ಹೂಂ" ಎಂದು ಕನಕಾಂಬರವನ್ನು ಮತ್ತೆ ಕೈಗೆತ್ತಿಕೊಂಡಳು.

ಭಾನುವಾರ ಬೆಳಗ್ಗೆ ಅಪ್ಪನೇ ಅವಳ ಚೀಲ ಹಿಡಿದು ಬಸ್ ಹತ್ತಿಸಿ ಬಂದ. ಅಜ್ಜಿ ಬಾಗಿಲು ದಾಟಲಿಲ್ಲ, ದೇವರ ಮನೆಯಲ್ಲಿ ಕೂತು ಅಳುತ್ತಿದ್ದಳು. ಮಧ್ಯಾಹ್ನ ಬೀದಿಯಲ್ಲಿ ಪಟಾಕಿ ಸದ್ದಾಯಿತು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ, "ನಿಮ್ಮ ಉದ್ದ ಹುಡುಗ ವಾಪಸ್ ಬಂದ್ನಲ್ಲಾ! ನಮ್ಮೋರೇ ತಗೊಂಡ್ರು!" ಎಂದು ಕೂಗಿ ಹೇಳಿದರು. ಅಪ್ಪ ಗೋಣಿಯ ಮೇಲೆ ನೀರು ಚಿಮುಕಿಸುತ್ತಿದ್ದ. "ಹೌದಾ, ಸಂತೋಷ" ಎಂದು ಹೇಳಿ ಚಿಮುಕಿಸುತ್ತಲೇ ಇದ್ದ, ನೀರು ಹರಿದು ನಡುಮನೆಯೆಲ್ಲ ಒದ್ದೆಯಾಗುವ ತನಕ. ಆಮೇಲೂ ಅಪ್ಪ ಮ್ಯಾಚು ನೋಡಿದ, ನಾವೂ ನೋಡಿದೆವು. ಉದ್ದ ಹುಡುಗ ವಿಕೆಟ್ ತೆಗೆದ. ಆದರೆ ನಮ್ಮ ಮನೆಯಲ್ಲಿ ಆ ಥರದ ಜಗಳ ಮತ್ತೆ ಆಗಲಿಲ್ಲ.

ಅಜ್ಜಿ ಹೋದಳು. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ನಡುಮನೆ ಸಮೇತ ಹೋಯಿತು, ಉಳಿದ ತುಂಡನ್ನು ಅಪ್ಪ ಮಾರಿದ. ನಡುಮನೆ ಇದ್ದ ಜಾಗದಲ್ಲಿ ಈಗ ಬಸ್ಸುಗಳು ಓಡಾಡುತ್ತವೆ. ಅಪ್ಪ ಅಮ್ಮ ಈಗ ನನ್ನ ಜೊತೆ ಗೌರಿಬಿದನೂರಿನ ಬಾಡಿಗೆ ಮನೆಯಲ್ಲಿದ್ದಾರೆ. ಅತ್ತೆ ಆ ಹಳ್ಳಿಯಲ್ಲೇ ಇದ್ದಾಳೆ, ಹಿತ್ತಲಿಗೆ ಬಂದರೆ ಅಂಬಾಜಿದುರ್ಗದ ಬೆಟ್ಟ ಕಾಣುವ ಮನೆ. ಏನೇನು ಅನುಭವಿಸಿದಳೋ, ಯಾರಿಗೂ ಹೇಳಲಿಲ್ಲ. ಐಪಿಎಲ್ ಶುರುವಾಯಿತೆಂದರೆ ದಿನಾ ಸಂಜೆ ಅಣ್ಣತಂಗಿ ಫೋನಿನಲ್ಲಿ ಕಚ್ಚಾಡುತ್ತಾರೆ. ಯಾರನ್ನು ಆಡಿಸದೆ ಹೊರಗೆ ಕೂರಿಸಿದರು, ಯಾರು ಯಾರ ಮೇಲೆ ಏನು ಹೇಳಿಕೆ ಕೊಟ್ಟರು, ಮಾಲೀಕರು ಟೀಮನ್ನೇ ಮಾರುತ್ತಾರಂತೆ ಹೌದೇ, ಎಲ್ಲ ಆಗಬೇಕು. ಇಷ್ಟು ವರ್ಷಗಳಲ್ಲಿ ಅವರು ಟೀಮು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಈಚೆಗೆ ಅಪ್ಪನಿಗೆ ಕಿವಿ ಮಂದವಾಗಿದೆ, ಫೋನನ್ನು ಸ್ಪೀಕರಿಗೆ ಹಾಕಿ ಕೊಡುವುದು ನನ್ನ ಕೆಲಸ.

ಕಳೆದ ವಾರ ಹೀಗೇ ಒಬ್ಬ ಆಟಗಾರನನ್ನು ಕೈಬಿಟ್ಟ ಸುದ್ದಿ ಬಂದಿತ್ತು. ಪಾಪ ಆ ಹುಡುಗ, ಎಲ್ಲಿಗೆ ಹೋಗುತ್ತಾನೋ ಎಂದು ಅತ್ತೆ ಅಂದಳು. ಫೋನ್ ಕಟ್ ಆಯಿತೇನೋ ಎಂದು ನಾನು ನೋಡುವಷ್ಟರಲ್ಲಿ ಅಪ್ಪ, "ಸುಗುಣಾ" ಎಂದ. "ಬಂದ್ಬಿಡಮ್ಮಾ. ಮನೆಗೆ ಬಂದ್ಬಿಡು." ಸ್ಪೀಕರಿನಲ್ಲಿ ಅತ್ತೆಯ ದನಿ ಬಂತು. "ಯಾವ ಮನೆಗೆ, ಅಣ್ಣಾ?"

ಕೊಂಕಿರಲಿಲ್ಲ ಅದರಲ್ಲಿ, ತಿಳಿಯದೆ ಕೇಳಿದಂತಿತ್ತು. ಅಪ್ಪ ನನ್ನ ಮುಖ ನೋಡಿದ, ಬಾಡಿಗೆ ಮನೆಯ ಗೋಡೆ ನೋಡಿದ. ಅತ್ತೆ ಕಾದಳು. ಎಷ್ಟು ಕಾಯಬೇಕೋ ಅಷ್ಟು ಕಾದು, ಆಮೇಲೆ ತಾನೇ, ಮಗುವಿಗೆ ಹೇಳುವಷ್ಟು ಮೆತ್ತಗೆ, "ಇರ್ಲಿ ಬಿಡಣ್ಣಾ. ಅವನ ಜಾಗಕ್ಕೆ ಯಾರನ್ನ ಹಾಕ್ಕೋತಾರಂತೆ? ಅದನ್ನ ಹೇಳು" ಎಂದಳು. ಅಪ್ಪ ಕಣ್ಣೊರೆಸಿಕೊಂಡು ಹೇಳತೊಡಗಿದ.