ಹಳದಿ ಚೀಟಿಯವರ ಸ್ಕೋರು

ಕಂಪ್ಯೂಟರ್ ಆಟ ಆಡುವವರಲ್ಲಿ ‘ಹಾರ್ಡ್‌ಕೋರ್’ ಮತ್ತು ‘ಕ್ಯಾಶುಯಲ್’ ಎಂಬ ಎರಡು ತಳಿಗಳಿವೆ ಎಂದು ಓದಿದವರಿಗೆ ಅದು ಎಲ್ಲೋ ದೂರದವರ ಜಗಳ ಎನ್ನಿಸಬಹುದು. ನಾನು ಆ ಎರಡು ಪದಗಳನ್ನು ಮೊದಲು ಕೇಳಿದ್ದು ರಾಮನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಶೀಟಿನ ಚಾವಣಿಯ ಒಂದು ಸೈಬರ್ ಸೆಂಟರಿನಲ್ಲಿ. ಕೇಳಿದ ದಿನದಿಂದ ಇವತ್ತಿನವರೆಗೂ ಆ ಪದಗಳ ಬಗ್ಗೆಯಾಗಲಿ, ಅವನ್ನು ಬಾಯಲ್ಲಿಟ್ಟುಕೊಂಡು ತಿರುಗುವವರ ಬಗ್ಗೆಯಾಗಲಿ ನನಗೆ ಒಳ್ಳೆಯ ಅಭಿಪ್ರಾಯ ಹುಟ್ಟಿಲ್ಲ. ಕಾರಣ ಹೇಳುತ್ತೇನೆ.

ಎರಡು ಸಾವಿರದ ನಂತರದ ಮೊದಲ ದಶಕ ಅದು. ನಮ್ಮದು ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೊಂದು ಹೊಸ ಶೆಡ್ ಏಳುತ್ತಿತ್ತು. ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ. ಕಚೇರಿ ಇರಲಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ನಾಲ್ಕಕ್ಕೆ ಒಮ್ಮೆ ಆ ಸೈಬರ್ ಸೆಂಟರಿಗೆ ಹೋಗಿ ಸುದ್ದಿ ಟೈಪ್ ಮಾಡಿ ಕಳಿಸುತ್ತಿದ್ದೆ.

ಸೆಂಟರಿನ ಮಾಲೀಕರು ಐವತ್ತು ದಾಟಿದವರು. ಅದಕ್ಕೆ ಮೊದಲು ರೀಲರ್ ಆಗಿದ್ದರು. ಅಂದರೆ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಕೊಂಡು, ಬಿಸಿನೀರಿನ ಬೇಸಿನ್‌ಗಳಲ್ಲಿ ಬೇಯಿಸಿ, ನೂಲು ತೆಗೆಸುವವರು. ಅದನ್ನು ಮುಚ್ಚಿ, ಅದೇ ಶೆಡ್ಡಿನಲ್ಲಿ ಹತ್ತು ಕಂಪ್ಯೂಟರ್ ಹಾಕಿದ್ದರು. ಆದರೆ ಅವರ ಕಣ್ಣು ಮಾತ್ರ ಗೂಡಿನ ಮಾರುಕಟ್ಟೆಯಲ್ಲೇ ಉಳಿದಿತ್ತು. ಅಲ್ಲಿ ಹೆಚ್ಚು ಬೆಲೆಯ ಬಿಳಿ ಗೂಡಿಗೆ ಒಂದು ಸಾಲು, ಅಗ್ಗದ ಹಳದಿ ಗೂಡಿಗೆ ಇನ್ನೊಂದು. ರೀಲರ್ ರಾಶಿಯೊಳಗೆ ಕೈ ಹಾಕಿ, ಒಂದು ಗೂಡನ್ನು ಎರಡು ಬೆರಳ ನಡುವೆ ಅಮುಕಿ ನೋಡಿದರೆ ಮುಗಿಯಿತು, ಅದರ ದರ್ಜೆ ತೀರ್ಮಾನವಾಯಿತು. ಬಾಗಿಲಲ್ಲಿ ನಿಂತ ಗಿರಾಕಿಯನ್ನೂ ಅವರು ಹಾಗೇ ನೋಡುತ್ತಿದ್ದರು.

ಹಿಂದಿನ ಸಾಲಿನ ಆರು ಕಂಪ್ಯೂಟರ್‌ಗಳಲ್ಲಿ ಒಂದು ಗುಂಪು ಬಂದೂಕಿನ ಆಟ ಆಡುತ್ತಿತ್ತು. ಐದಾರು ಜನ, ಎಲ್ಲರೂ ಬಿಡದಿಯ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸದವರು, ಇಪ್ಪತ್ತೈದರ ಆಸುಪಾಸು. ಅವರ ನಾಯಕ ಯಾವುದೋ ವೆಬ್‌ಸೈಟಿನಲ್ಲಿ ಈ ಎರಡು ಪದಗಳನ್ನು ಓದಿಕೊಂಡು ಬಂದ. ದಿನಕ್ಕೆ ಮೂರು ಗಂಟೆ ಕೂತು, ತಂಡ ಕಟ್ಟಿ ಆಡುವವನು ಹಾರ್ಡ್‌ಕೋರ್. ಕಾಯುವ ಹೊತ್ತಿಗೆ ಒಂದು ಆಟ ಆಡಿ ಎದ್ದು ಹೋಗುವವನು ಕ್ಯಾಶುಯಲ್. ಅದನ್ನು ಆತ ಮಾಲೀಕರಿಗೆ ವಿವರಿಸಿದಾಗ ನಾನು ಪಕ್ಕದಲ್ಲೇ ಕೂತಿದ್ದೆ.

‘ಅಂಗಾರೆ ನೀವು ಬಿಳಿ ಗೂಡು, ಮಿಕ್ಕೋರು ಹಳದಿ ಗೂಡು ಅನ್ನು,’ ಎಂದರು ಮಾಲೀಕರು.

‘ಅಷ್ಟೇ ಕಣಣ್ಣ. ಎರಡೂನೂವೆ ಒಂದೇ ಬೇಸಿನ್‌ಗೆ ಹಾಕ್ಬ್ಯಾಡ.’

ಮಾರನೆಯ ದಿನವೇ ಚೀಟಿಗಳು ಬಂದವು. ಬಿಳಿ ರಟ್ಟಿನ ಚೀಟಿಯವರಿಗೆ ಹಿಂದಿನ ಸಾಲು, ತಿರುಗುವ ಕುರ್ಚಿ, ಹೊಸ ಮೌಸ್. ಹಳದಿ ಚೀಟಿಯವರಿಗೆ ಬಾಗಿಲ ಪಕ್ಕದ ನಾಲ್ಕು ಕಂಪ್ಯೂಟರ್, ಪ್ಲಾಸ್ಟಿಕ್ ಕುರ್ಚಿ, ಬೀದಿಯ ಧೂಳು. ಯಾವ ಚೀಟಿ ಎಂಬುದನ್ನು ಮಾಲೀಕರು ಮುಖ ನೋಡಿ ನಿರ್ಧರಿಸುತ್ತಿದ್ದರು. ನನ್ನನ್ನು ಕೇಳದೆಯೇ ಹಳದಿ ಕೊಟ್ಟರು. ನನಗೇನೂ ಅನ್ನಿಸಲಿಲ್ಲ, ನಾನು ಆಡುವವನಲ್ಲ. ಅನ್ನಿಸಿದ್ದು ನಮ್ಮ ಅಕ್ಕನಿಗೆ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು, ಆಗ ಮೂವತ್ತೆರಡು. ಊರಿನ ಅಂಚಿನ ಒಂದು ರೀಲಿಂಗ್ ಘಟಕದಲ್ಲಿ ಕೆಲಸ. ಬೇಸಿನ್‌ನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹಿಡಿದು, ಓಡುತ್ತಿರುವ ನೂಲಿಗೆ ಸೇರಿಸುವುದು. ಒಂದು ಎಳೆ ತುಂಡಾದರೆ ಕ್ಷಣದಲ್ಲಿ ಇನ್ನೊಂದು ಕೊಡಬೇಕು. ಮೂರು ಗಂಟೆಗೆ ಕೆಲಸ ಬಿಟ್ಟು, ನನ್ನ ಮೊಪೆಡ್ಡಿನಲ್ಲಿ ಕನಕಪುರ ರಸ್ತೆಯ ನಮ್ಮ ಹಳ್ಳಿಗೆ ಹೋಗಲು ಸೆಂಟರಿಗೆ ಬಂದು ಕಾಯುತ್ತಿದ್ದಳು. ಕಾಯುವಾಗ, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸುವ ಆಟ ಆಡುತ್ತಿದ್ದಳು. ಮೊದಲು ನಾನೇ ತೋರಿಸಿಕೊಟ್ಟಿದ್ದೆ. ಎರಡು ವಾರದಲ್ಲಿ ನನಗೆ ನೋಡಲೂ ಆಗದಷ್ಟು ಬೇಗ ಆಡುತ್ತಿದ್ದಳು.

ಆ ಸೆಂಟರಿನ ಕಂಪ್ಯೂಟರ್‌ಗಳಲ್ಲಿ ಸ್ಕೋರು ಉಳಿಯುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ ಎಲ್ಲ ಸೊನ್ನೆ. ಅದಕ್ಕೇ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಇಬ್ಬರು ಕಣ್ಣಾರೆ ನೋಡಿದ ಸ್ಕೋರನ್ನು ಹೆಸರಿನೊಂದಿಗೆ ಅದರ ಮೇಲೆ ಬರೆಯುವುದು ಪದ್ಧತಿ. ಹಲಗೆಯ ತುಂಬ ಬಿಳಿ ಚೀಟಿಯವರ ಹೆಸರುಗಳೇ.

‘ನಂದೂ ಬರೀಬೇಕು ಕಣ್ಲಾ,’ ಎಂದಳು ಅಕ್ಕ ಒಂದು ದಿನ.

‘ಅದ್ಯಾಕೆ ಬೇಕಕ್ಕ ನಿಂಗೆ? ಅವರ ಹುಚ್ಚು ಅವರಿಗೆ.’

‘ಹನ್ನೊಂದು ವರ್ಷದಿಂದ ಘಟಕದ ಪುಸ್ತಕದಾಗೆ ಏಳನೇ ಬೇಸಿನ್ ಅಂತ ಬರೀತಾವ್ರೆ. ನನ್ನ ಎಸ್ರು ಅಂತ ಒಂದು ಕಡೆನೂ ಇಲ್ಲ. ನಿಂದು ವಾರಕ್ಕೆ ನಾಕು ಸಲ ಪೇಪರ್‌ನಾಗೆ ಬತ್ತದೆ, ನಿಂಗೆಲ್ಲಿ ಗೊತ್ತಾಯ್ತದೆ?’

ಆ ಪತ್ರಿಕೆಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಬರುತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಆ ವಾರವೇ ಅವಳು ಮೂರು ಲಕ್ಷ ದಾಟಿಸಿದಳು. ನಾನೂ ಮಾಲೀಕರೂ ನೋಡಿದೆವು. ಮಾಲೀಕರು ನಗುತ್ತಲೇ ಹಲಗೆಯ ಕೆಳತುದಿಯಲ್ಲಿ ಅವಳ ಹೆಸರು, ಸ್ಕೋರು ಬರೆದರು. ಮಾರನೆಯ ದಿನ ನಾಲ್ಕಕ್ಕೆ ನಾವು ಹೋದಾಗ ಆ ಸಾಲು ಒರೆಸಿಹೋಗಿತ್ತು. ಒರೆಸಿದವರು ಹಿಂದಿನ ಸಾಲಿನಲ್ಲೇ ಕೂತಿದ್ದರು, ಮುಚ್ಚಿಡಲೂ ಇಲ್ಲ.

‘ಆಂಟಿ, ಅದು ಗೇಮೇ ಅಲ್ಲ,’ ಎಂದ ನಾಯಕ, ಕುರ್ಚಿಯನ್ನು ಅರ್ಧ ತಿರುಗಿಸಿ. ‘ಟೈಂಪಾಸು. ಅದನ್ನ ಬರ್ದ್ರೆ ನಾಳೆ ಇಸ್ಪೀಟ್ ಆಡೋರೂ ಬತ್ತಾರೆ.’

‘ಆಂಟಿ ಅಂತೀಯಲ್ಲಪ್ಪ, ನಿಂಗೂ ನಂಗೂ ಏಳು ವರ್ಷ ಫರಕು ಇರ್ಬೋದು. ಅಕ್ಕ ಅಂದ್ರೆ ನಾಲ್ಗೆ ಸವದೋಯ್ತದಾ?’

ಹಿಂದಿನ ಸಾಲಿನಲ್ಲಿ ನಗು. ಅವರಲ್ಲೊಬ್ಬ, ‘ಅಕ್ಕ, ನಮ್ ಗೇಮಿಗೆ ಬನ್ನಿ. ಒಂದು ರೌಂಡ್ ಉಳ್ಕಂಡ್ರೆ ನಿಮ್ಮೆಸ್ರು ಮೇಲ್ಗಡೆ ಬರೀತೀವಿ,’ ಎಂದ.

ಅಕ್ಕ ಹೋಗಿ ಕೂತಳು. ನಾನು ಬೇಡವೆಂದೆ, ಕೇಳಲಿಲ್ಲ. ಬಂದೂಕು ಹಿಡಿಯುವುದು ಹೇಗೆ, ತಿರುಗುವುದು ಹೇಗೆ ಎಂದು ಒಬ್ಬನೂ ಹೇಳಿಕೊಡಲಿಲ್ಲ. ಗೋಡೆಗೆ ಮುಖ ಮಾಡಿ ನಿಂತಲ್ಲೇ ಸತ್ತಳು. ಐದು ಸಲ ಹಾಗೇ. ಪ್ರತಿ ಸಲವೂ ನಗು ಹೆಚ್ಚಾಯಿತು.

‘ಗೊತ್ತಾಯ್ತಾ ಆಂಟಿ?’

‘ಗೊತ್ತಾಯ್ತು. ಈಗ ನೀನು ಬಾ, ನನ್ ಆಟ ಆಡು.’

‘ಅಯ್ಯೋ, ಅದನ್ನ ನಮ್ಮಜ್ಜಿ ಆಡ್ತಾಳೆ ಬುಡಿ,’ ಎಂದು ಅವನು ಹೆಡ್‌ಫೋನ್ ಹಾಕಿಕೊಂಡ.

ಒಂದು ಆಟ ಆಟವೇ ಅಲ್ಲ ಎಂದು ತೀರ್ಮಾನಿಸಲು ಅದನ್ನು ಆಡಿ ನೋಡಬೇಕಾಗಿಲ್ಲ, ಯಾರು ಆಡುತ್ತಾರೆ ಎಂದು ನೋಡಿದರೆ ಸಾಕು. ಅವರ ಇಡೀ ಶಾಸ್ತ್ರ ಅಷ್ಟೇ ಆಗಿತ್ತು. ಹಿಂದಿನ ಸಾಲಿನಲ್ಲೂ ಗುರಿ ಇಡಲು ಬಾರದ ಇಬ್ಬರಿದ್ದರು, ಅವರ ಚೀಟಿ ಬಿಳಿಯೇ.

ಮುಂದಿನ ವಾರ ನಾಯಕನಿಗೆ ಎರಡನೇ ಶಿಫ್ಟ್ ಬಿತ್ತು, ಬೆಳಿಗ್ಗೆ ಬಿಡುವು. ಸೋಮವಾರ ಒಂಬತ್ತೂವರೆಗೆ ನಾನು ಹೋದಾಗ ಹಿಂದಿನ ಸಾಲಿನ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಮಾಲೀಕರು ಟೀ ಕುಡಿಯಲು ಹೋಗಿದ್ದರು. ಅವನ ಹಿಂದಿನಿಂದ ಹಾದು ಪ್ರಿಂಟರ್ ಹತ್ತಿರ ಹೋದೆ. ಪರದೆಯ ಮೇಲೆ ಇಟ್ಟಿಗೆಗಳು ಬೀಳುತ್ತಿದ್ದವು. ಮಂಗಳವಾರವೂ ಅದೇ. ಶುಕ್ರವಾರದವರೆಗೂ ಅದೇ. ನನ್ನ ಅಭ್ಯಾಸ, ಕಂಡದ್ದನ್ನು ಬರೆದುಕೊಳ್ಳುವುದು. ದಿನ, ಸಮಯ, ಆಟ ಮುಗಿದಾಗ ಕಂಡ ಸ್ಕೋರು. ಐದು ದಿನದಲ್ಲಿ ಅವನು ಮುಟ್ಟಿದ್ದು ಹೆಚ್ಚೆಂದರೆ ಒಂದು ಲಕ್ಷದ ನಲವತ್ತು ಸಾವಿರ.

ಅದನ್ನು ನಾನು ಅವತ್ತೇ ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನ ಕಾರ್ಖಾನೆಯಲ್ಲಿ ಆಗ ಕಾರ್ಮಿಕರ ತಕರಾರು ನಡೆಯುತ್ತಿತ್ತು. ಗೇಟಿನೊಳಗೆ ಏನಾಗುತ್ತಿದೆ ಎಂದು ನನಗೆ ತಿಳಿಸುತ್ತಿದ್ದವನು ಅವನೇ. ಬೇರೆ ಪತ್ರಿಕೆಯವರಿಗೆ ಅಂಥ ಮೂಲ ಇರಲಿಲ್ಲ. ಒಂದು ಹಲಗೆಯ ಸಾಲಿಗಾಗಿ ಅವನನ್ನು ಕಳೆದುಕೊಳ್ಳುವುದು ಬೇಡವೆಂದು ಲೆಕ್ಕ ಹಾಕಿದೆ. ವೃತ್ತಿಯ ಎಚ್ಚರ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ. ಅದು ಹೇಡಿತನ.

ಶನಿವಾರ ನಾಯಕನಿಗೆ ವಾರದ ರಜೆ, ಎಲ್ಲರೂ ಇದ್ದರು. ಚನ್ನಪಟ್ಟಣದ ಒಂದು ಸೆಂಟರಿನ ತಂಡ ಮುಂದೆ ಪಂದ್ಯಕ್ಕೆ ಬರುವುದಿತ್ತು, ಮಾಲೀಕರು ಹಲಗೆಯನ್ನು ತೊಳೆದು ಹೊಸದಾಗಿ ಬರೆಯುತ್ತಿದ್ದರು. ಅಕ್ಕ ಹೋಗಿ ಎದುರು ನಿಂತಳು.

‘ಅಣ್ಣ, ನಂದು ಬರೀರಿ. ನೀವೇ ನೋಡಿದ್ದು.’

‘ನೋಡೀನಿ ಕಣಮ್ಮ, ಇಲ್ಲ ಅನ್ನಕಿಲ್ಲ. ಆದ್ರೆ ಹುಡುಗ್ರು ಒಪ್ಪಕಿಲ್ಲ.’

‘ಯಾರು ಬೇಕಾರೂ ಹೊಡೆಯೋ ಸ್ಕೋರು ಅದು,’ ಎಂದ ನಾಯಕ. ‘ಕೂತ್ರೆ ಅರ್ಧ ಗಂಟೆ ಕೆಲಸ.’

ಆಗ ನಾನು ಟಿಪ್ಪಣಿ ಪುಸ್ತಕ ತೆಗೆದು ಓದಿದೆ. ಸೋಮವಾರ, ಒಂಬತ್ತು ಮೂವತ್ತೈದು, ತೊಂಬತ್ತೊಂದು ಸಾವಿರ. ಮಂಗಳವಾರ, ಒಂಬತ್ತು ಐವತ್ತು, ಒಂದು ಲಕ್ಷದ ಎರಡು ಸಾವಿರ. ಶುಕ್ರವಾರದವರೆಗೆ ಓದುವಷ್ಟರಲ್ಲಿ ಹಿಂದಿನ ಸಾಲಿನ ಮೌಸ್‌ಗಳ ಸದ್ದು ನಿಂತಿತ್ತು. ಅವನ ತಂಡದವನೇ ಒಬ್ಬ ಕೇಳಿದ: ‘ಏನ್ಲಾ, ನಿಜವಾ?’

‘ಟೈಂಪಾಸ್‌ಗೆ ಆಡ್ದೆ ಕಣ್ಲಾ. ಏನೀಗ?’

‘ಐದು ದಿನಾನಾ?’

ಅವನು ನನ್ನ ಕಡೆ ತಿರುಗಿದ. ‘ಪೇಪರ್ನೋರೇ, ನಾನು ಗೇಟೊಳಗಿನ ಸುದ್ದಿ ಕೊಟ್ರೆ ನೀವು ನನ್ ಬೆನ್ನಿಂದೆ ನಿಂತ್ಕಂಡು ಬರ್ಕೊತೀರಾ? ಇನ್ಮೇಲೆ ಕೇಳಿ ನನ್ನ.’

ಮಾಲೀಕರು ಅಕ್ಕನ ಹೆಸರನ್ನು ಬರೆದರು. ನಡುವೆಯೂ ಅಲ್ಲ, ಕೆಳಗೂ ಅಲ್ಲ, ಮೇಲಿನಿಂದ ಮೂರನೇ ಸಾಲಿನಲ್ಲಿ. ಅದು ಹನ್ನೊಂದು ದಿನ ಇತ್ತು. ಒಂಬತ್ತನೇ ದಿನ ಅಕ್ಕ ಘಟಕದ ಮೂವರು ಹೆಂಗಸರನ್ನು ಕರೆದುಕೊಂಡು ಬಂದಳು. ಅವರು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಓದಿದರು. ಒಬ್ಬಾಕೆ, ‘ನಿಂದೇನಮ್ಮಿ ಇದು? ದಿಟವಾಗ್ಲೂ?’ ಎಂದು ಎರಡು ಸಲ ಕೇಳಿದರು.

ಹನ್ನೆರಡನೇ ದಿನ ಸಾಲು ಇರಲಿಲ್ಲ. ಹಿಂದಿನ ಸಾಲಿನವರು ಬೇರೆ ಸೆಂಟರಿಗೆ ಹೋಗುತ್ತೇವೆಂದು ಹೆದರಿಸಿದ್ದರು.

‘ನಾನೇ ಒರೆಸ್ದೆ ಕಣಮ್ಮ,’ ಎಂದರು ಮಾಲೀಕರು, ಅವಳ ಮುಖ ನೋಡದೆ. ‘ಇವತ್ತು ಚನ್ನಪಟ್ಟಣದೋರು ಬತ್ತಾವ್ರೆ. ಅವ್ರ ಮುಂದೆ ಇಟ್ಟಿಗೆ ಆಟ ಅಂದ್ರೆ ನಗ್ತಾರಂತೆ. ನೀನು ಒಸಿ ಅರ್ಥ ಮಾಡ್ಕೊ.’

‘ಅರ್ಥ ಆಯ್ತು ಬುಡಿ,’ ಎಂದಳು ಅಕ್ಕ.

ಪಂದ್ಯದವರು ಇನ್ನೂ ಬಂದಿರಲಿಲ್ಲ. ಅವಳು ನೇರ ಹಿಂದಿನ ಸಾಲಿಗೆ ಹೋಗಿ ನಾಯಕನ ಕುರ್ಚಿಯಲ್ಲಿ ಕೂತು ಆಟ ಶುರು ಮಾಡಿದಳು. ಹತ್ತು ನಿಮಿಷಕ್ಕೆ ನಾಯಕ ತನ್ನ ತಂಡದೊಂದಿಗೆ ಬಂದ, ಹಿಂದೆಯೇ ಚನ್ನಪಟ್ಟಣದ ಐವರು.

‘ಆಂಟಿ, ಏಳಿ. ಮ್ಯಾಚ್ ಐತೆ.’

‘ಆಟ ಮುಗೀಲಿ.’

ಆ ಸೆಂಟರಿನಲ್ಲಿ ಆಟದ ನಡುವೆ ಯಾರನ್ನೂ ಎಬ್ಬಿಸುವಂತಿರಲಿಲ್ಲ. ತಮ್ಮ ಪಂದ್ಯಗಳು ಅರ್ಧಕ್ಕೆ ನಿಲ್ಲಬಾರದೆಂದು ಬಿಳಿ ಚೀಟಿಯವರೇ ಮಾಡಿಸಿ, ಗೋಡೆಗೆ ಅಂಟಿಸಿದ್ದ ನಿಯಮ ಅದು. ಬಂದೂಕಿನ ಆಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಟ್ಟಿಗೆ ಆಟ, ಆಡುವವಳು ಸೋಲುವವರೆಗೆ ಮುಗಿಯುವುದಿಲ್ಲ. ಇದನ್ನು ಯಾರೂ ಯೋಚಿಸಿರಲಿಲ್ಲ.

‘ಅಣ್ಣ, ಏಳಕ್ಕೆ ಹೇಳಿ ಇವ್ರಿಗೆ,’ ಎಂದ ನಾಯಕ.

‘ನೀವೇ ಅಂಟಿಸಿರೋದು,’ ಎಂದರು ಮಾಲೀಕರು.

ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಐದಕ್ಕೆ ಐದು ಜನ ಆಡುವ ಪಂದ್ಯಕ್ಕೆ ಸೆಂಟರಿನ ಹತ್ತೂ ಕಂಪ್ಯೂಟರ್ ಬೇಕು. ನಾಲ್ವರು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಒಪ್ಪಿಯೂ ಆಗಿತ್ತು, ಅಕ್ಕ ಕೂತಿದ್ದ ಒಂದೇ ಕಂಪ್ಯೂಟರ್ ಕಡಿಮೆ ಬಿದ್ದಿತ್ತು. ಮೊದಲು ನಕ್ಕರು. ಆಮೇಲೆ ಬೈದರು. ಚನ್ನಪಟ್ಟಣದವನೊಬ್ಬ ಅವಳ ಹಿಂದೆ ನಿಂತು ನೋಡತೊಡಗಿ, ‘ಗುರೂ, ಇವ್ರ ಕೈ ನೋಡ್ಲಾ,’ ಎಂದು ಇನ್ನೊಬ್ಬನನ್ನು ಕರೆದ. ನಾಯಕನಿಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಕಿದ್ದನ್ನು ನಾನು ಕಂಡೆ. ಅವನು ಸ್ವಿಚ್ ಬೋರ್ಡಿನ ಕಡೆ ಎರಡು ಸಲ ನೋಡಿದ. ಎರಡು ಸಲವೂ ನಾನು ಅವನನ್ನು ನೋಡಿದೆ.

ನಾಲ್ಕು ಹತ್ತಕ್ಕೆ ಶುರುವಾದದ್ದು ಐದು ಮುಕ್ಕಾಲಿಗೂ ನಡೆದಿತ್ತು. ಆರು ಗಂಟೆಯ ಬಸ್ಸು ತಪ್ಪುತ್ತದೆಂದು ಚನ್ನಪಟ್ಟಣದವರು ಹೊರಟರು. ‘ಮುಂದಿನ ಸಲ ನಮ್ಮೂರಿಗೆ ಬನ್ನಿ,’ ಎಂದು ಅವರಲ್ಲೊಬ್ಬ ಹೇಳಿದ್ದು ನಾಯಕನಿಗಲ್ಲ, ಅಕ್ಕನಿಗೆ. ಅವಳು ತಿರುಗಿ ನೋಡಲಿಲ್ಲ, ಹಾಗೆ ನೋಡಿದ್ದರೆ ಒಂದು ಇಟ್ಟಿಗೆ ತಪ್ಪುತ್ತಿತ್ತು. ಅವರು ಗಲ್ಲಿ ದಾಟಿದ ಮೇಲೆ ಕೀಬೋರ್ಡಿನಿಂದ ಕೈ ತೆಗೆದಳು. ಇಟ್ಟಿಗೆಗಳು ತಾವಾಗಿಯೇ ಬಿದ್ದು ಮೇಲಿನವರೆಗೆ ತುಂಬಿಕೊಂಡವು.

‘ತಗಳಪ್ಪ, ನಿನ್ ಕುರ್ಚಿ,’ ಎಂದು ಎದ್ದಳು.

ಮೊಪೆಡ್ ಹತ್ತುವಾಗ ಎರಡೂ ಕೈಯ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಳು. ಮರುದಿನ ಕೆಲಸಕ್ಕೆ ಎಳೆ ಹಿಡಿಯಬೇಕಾದ ಬೆರಳುಗಳು. ಅವಳು ಮತ್ತೆ ಆ ಸೆಂಟರಿಗೆ ಬರಲಿಲ್ಲ, ಬಸ್ಸಿನಲ್ಲೇ ಹೋಗತೊಡಗಿದಳು. ನಾಯಕ ನನಗೆ ಮತ್ತೆ ಸುದ್ದಿ ಕೊಡಲಿಲ್ಲ. ಅವನ ಕಾರ್ಖಾನೆಯಲ್ಲಿ ಕೆಲಸ ನಿಂತದ್ದನ್ನು ನಾನು ಬೇರೆ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡೆ.