ಅಖಾಡಕ್ಕೆ ಬಿದ್ದ ಚಿಲ್ಲರೆ

ನನ್ನ ಮಗನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ಹುಟ್ಟಿನಿಂದ ಬಂದದ್ದು, ಬಿಟ್ಟುಹೋಗುವಂಥದ್ದಲ್ಲ. ಬೇರೆ ಮಕ್ಕಳು ಬಿದ್ದರೆ ಮೊಣಕಾಲು ತರಚುತ್ತದೆ; ಇವನು ಬಿದ್ದರೆ ಕೀಲಿನೊಳಗೆ ರಕ್ತ ಸೋರಿ ಕಾಲು ಊದಿಕೊಳ್ಳುತ್ತದೆ. ತಲೆಗೆ ಪೆಟ್ಟಾದರೆ ಜೀವಕ್ಕೇ ಸಂಚಕಾರ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆ ಮಾತು ಕೇಳಿದ ಮೇಲೆ ನನ್ನ ಎದೆಯೊಳಗೆ ಕೂತ ಭಯ ಏಳಲೇ ಇಲ್ಲ. ನಂಜನಗೂಡಿನ ನಮ್ಮ ಮನೆಯ ಹೊಸಿಲಿಗೆ ಹಳೆ ಕಂಬಳಿ ಸುತ್ತಿದ್ದೆ. ಅವನ ಪ್ಯಾಂಟಿನ ಮೊಣಕಾಲಿಗೆ ಹತ್ತಿ ತುಂಬಿ ಹೊಲಿದಿದ್ದೆ.

"ಲಕ್ಷ್ಮಿ ಬರೋ ಹೊಸಿಲಿಗೆ ಕಂಬ್ಳಿ ಸುತ್ತವ್ಳೆ. ಮಗನ್ನ ಗಾಜಿನ ಬಳೆ ಮಾಡ್ಕಂಡವ್ಳೆ," ಎಂದು ನಮ್ಮತ್ತೆ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಈ ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ ಎಂದು ಗೊತ್ತಾದ ಮೇಲಂತೂ ಕೇಳಬೇಡಿ. ಕಾಯಿಲೆ ನನ್ನ ಕಡೆಯಿಂದ ಬಂತು, ಭಯವೂ ನನ್ನ ಪಾಲಿಗೇ ಇರಲಿ ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡಿದಂತಿತ್ತು.

ತೊಂಬತ್ತರ ದಶಕದ ಕೊನೆಯ ಮಾತಿದು. ರಕ್ತ ನಿಲ್ಲಿಸುವ ಇಂಜೆಕ್ಷನ್ ಬೆಂಗಳೂರಿನಿಂದ ಐಸ್‌ನಲ್ಲಿಟ್ಟು ತರಬೇಕಿತ್ತು, ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲ. ನನ್ನ ಮೈದುನ ಗರಡಿಗೆ ಹೋಗುತ್ತಿದ್ದವನು, ಅವನ ಉಸ್ತಾದರ ಕಿವಿಗೆ ಈ ಕಷ್ಟ ಹಾಕಿದ. ಅವರು ಟಿ. ನರಸೀಪುರದ ಮೈದಾನದಲ್ಲಿ ನನ್ನ ಮಗನ ಸಹಾಯಾರ್ಥ ಒಂದು ಕುಸ್ತಿಯನ್ನೇ ಏರ್ಪಡಿಸಿಬಿಟ್ಟರು. ಕಳಲೆ, ಹುಲ್ಲಹಳ್ಳಿ, ತಲಕಾಡಿನ ಕಡೆಯಿಂದೆಲ್ಲ ಪೈಲ್ವಾನರು ಬಸ್ ಚಾರ್ಜು ಕೂಡ ಕೇಳದೆ ಬಂದರು. ಹೆಂಗಸರು ಕುಸ್ತಿ ನೋಡಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮಗುವನ್ನು ಕರೆತನ್ನಿ ಎಂದರೆ ನಾನು ಬಿಟ್ಟಿರುವುದುಂಟೆ? ಮೈಕಿನ ಮೇಜಿನ ಪಕ್ಕ, ಅವನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತೆ.

ಏಳು ವರ್ಷದ ಪೋರ. ಪ್ರತಿ ಜೋಡಿಗೂ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಒಬ್ಬೊಬ್ಬರು ಅಖಾಡದ ಕೆಮ್ಮಣ್ಣಿನ ಮಟ್ಟಿಯ ಮೇಲೆ ಧೊಪ್ಪನೆ ಬಿದ್ದಾಗಲೂ ನಾನು ಅವನನ್ನು ಇನ್ನಷ್ಟು ಅವುಚಿಕೊಳ್ಳುತ್ತಿದ್ದೆ. ಅಷ್ಟು ಗಟ್ಟಿ ದೇಹ ದೇವರು ಯಾರ್ಯಾರಿಗೋ ಕೊಟ್ಟಿದ್ದಾನಲ್ಲ ಎಂದು ಹೊಟ್ಟೆಯುರಿಯೂ ಆಯಿತು, ಸುಳ್ಳೇಕೆ ಹೇಳಲಿ.

ಕೊನೆಯ ಜೋಡಿಯಲ್ಲಿ ಗೆದ್ದವನು ಮೂವತ್ತರ ಆಸುಪಾಸಿನ ಆಳು, ಬಾಗಿಲಿಗೆ ಅಡ್ಡ ನಿಂತರೆ ಗಾಳಿಯೂ ನುಗ್ಗದಂಥ ಮೈ. ಮೈಕಿನಲ್ಲಿ ಯಾರೋ, "ಆ ಮಗೀನ ಒಂದ್ಸಲ ಎಲ್ರೂ ನೋಡ್ಲಿ ಕಣ್ರಪ್ಪೋ!" ಎಂದರು. ಪೈಲ್ವಾನ್ ನನ್ನ ಮುಂದೆ ಬಂದು ಕೈ ಚಾಚಿದ.

"ಎದರ್ಬೇಡ ಕಣಕ್ಕ, ಉಸಾರಾಗಿ ಎತ್ಕತೀನಿ."

ಅತ್ತ ದರಿ, ಇತ್ತ ಪುಲಿ. ನನ್ನ ಮಗನಿಗಾಗಿ ಮೈ ಮಣ್ಣು ಮಾಡಿಕೊಂಡವನಿಗೆ ಅಷ್ಟು ಜನರ ಮುಂದೆ ಕೊಡಲಾರೆ ಎನ್ನುವುದು ಹೇಗೆ? ಅಷ್ಟರಲ್ಲಿ ಮಗನೇ ಅವನ ಕೊರಳಿಗೆ ಜೋತುಬಿದ್ದ. ಮೊಟ್ಟೆಬುಟ್ಟಿ ಹೊತ್ತವನಂತೆ ಅವನು ಒಂದೊಂದೇ ಹೆಜ್ಜೆ ಇಟ್ಟು ಅಖಾಡದ ನಡುವೆ ಹೋಗಿ, ಮಗನನ್ನು ಮೆತ್ತಗೆ ಇಳಿಸಿದ.

ಹಿಂದಿನಿಂದ ಯಾರೋ, "ತಕಳ್ಲಾ ಮಗಾ!" ಎಂದು ಒಂದು ನಾಣ್ಯ ಎಸೆದರು.

ಖುಷಿಯಾದರೆ ಅಖಾಡಕ್ಕೆ ಚಿಲ್ಲರೆ ಎಸೆಯುವುದು ಅಲ್ಲಿಯ ರೂಢಿ. ಒಬ್ಬರು ಎಸೆದರೆಂದು ಇನ್ನೊಬ್ಬರು. ಕಬ್ಬು ಕಡಿದು ಬಂದವರು, ಎಮ್ಮೆ ಹಾಲು ಹಾಕಿ ಬಂದವರು, ಚಡ್ಡಿ ಜೇಬು ತಡಕಾಡಿದ ಮುದುಕರು, ಮರ ಹತ್ತಿ ಕೂತ ಪಡ್ಡೆಗಳು, ಎಲ್ಲರೂ ಎಸೆದರು. ಆಗಿನ ಐದು ರೂಪಾಯಿ ಬಿಲ್ಲೆ ಎಷ್ಟು ದಪ್ಪವಿತ್ತೆಂದು ನೆನಪಿರುವವರಿಗೆ ಗೊತ್ತು. ನಾಲ್ಕೂ ಕಡೆಯಿಂದ ನನ್ನ ಮಗನ ಮೇಲೆ ಬರುತ್ತಿತ್ತು ಅವರ ಪ್ರೀತಿ. ಅವನು ನಗುತ್ತಾ, ಮುಖ ಮೇಲೆತ್ತಿ, ಹಿಡಿಯಲು ಕೈ ಒಡ್ಡಿ ನಿಂತಿದ್ದ.

"ಎಸೀಬೇಡಿ, ಎಸೀಬೇಡಿ" ಎಂದು ಕಿರುಚಿದೆ. ಶಿಳ್ಳೆಯ ನಡುವೆ ನನ್ನ ಕೂಗು ಯಾರಿಗೆ ಕೇಳಬೇಕು?

ಪೈಲ್ವಾನನಿಗೆ ಹೇಗೆ ಹೊಳೆಯಿತೋ ಕಾಣೆ. ಮಗನನ್ನು ಮಟ್ಟಿಯ ಮೇಲೆ ಕೂರಿಸಿ, ಮೊಣಕೈ ಮೊಣಕಾಲು ಊರಿ ಅವನ ಮೇಲೆ ಬಾಗಿಬಿಟ್ಟ. ಕೆಳಗೆ ಸಿಕ್ಕಿಬಿದ್ದ ಕುಸ್ತಿಯಾಳು ಚಿತ್ತಾಗದಿರಲು ನೆಲ ಕಚ್ಚಿಕೊಳ್ಳುತ್ತಾನಲ್ಲ, ಅದೇ ಪಟ್ಟು. ನಾಣ್ಯಗಳು ಅವನ ಬೆನ್ನಿಗೆ ಪಟಪಟ ಬಡಿದವು. ನನಗೆ ಇನ್ನೊಂದು ದಿಗಿಲು ಹತ್ತಿತು: ಈ ಬೆಟ್ಟದಂಥ ಮೈಯ ಒಂದು ಮೊಣಕೈ ಜಾರಿದರೆ ನನ್ನ ಕೂಸಿನ ಗತಿಯೇನು? ಆಗ ತಾನೇ ಅವನ ಕೈಲಿ ಸೋತಿದ್ದ ಎದುರಾಳಿ ಓಡಿಬಂದು, ಇಬ್ಬರ ತಲೆಗೂ ಅಡ್ಡವಾಗಿ ಟವೆಲ್ ಹಿಡಿದ.

ಹೆಂಗಸರು ಮಟ್ಟಿ ತುಳಿಯಬಾರದಂತೆ. ತುಳಿದೆ. ತಡೆಯಲು ಬಂದವನ ಕೈಯನ್ನು ಉಸ್ತಾದರೇ ತಳ್ಳಿ, "ದಾರಿ ಬುಡ್ಲಾ, ಎತ್ತ ತಾಯಿ ಕಣ್ಲಾ!" ಎಂದು ಗದರಿದರು. ಸೆರಗು ಜಾರಿ ಓಡುತ್ತಿದ್ದ ನನ್ನನ್ನು ಕಂಡ ಮೇಲೆ ಜನಕ್ಕೆ ಅರ್ಥವಾಯಿತು. ಎತ್ತಿದ ಕೈಗಳು ಹಾಗೇ ನಿಂತವು.

ಪೈಲ್ವಾನ್ ಪಕ್ಕಕ್ಕೆ ಸರಿದು ಮಂಡಿಯೂರಿ ಕೂತ. ಅವನ ಬೆನ್ನಿನ ಮೇಲೆ ಕೆಂಪು ಕೆಂಪು ಗುರುತುಗಳಿದ್ದವು. ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಿದ್ದ.

"ನೀನೇ ನೋಡಕ್ಕ, ಎಲ್ಲಾದ್ರೂ ಪೆಟ್ಟು ಬಿದ್ದದಾ ಅಂತ. ನನ್ ಕೈಲಿ ನೋಡಕ್ಕಾಗಕಿಲ್ಲ."

ಮಗನ ಅಂಗಿ ಬಿಚ್ಚಿದೆ. ಕೂದಲು ಸರಿಸಿ ನೆತ್ತಿ ನೋಡಿದೆ, ಕಿವಿಯ ಹಿಂದೆ ನೋಡಿದೆ, ಪಕ್ಕೆ, ಮೊಣಕೈ, ಹಿಮ್ಮಡಿ. ಎಲ್ಲೂ ನೀಲಿಗಟ್ಟಿರಲಿಲ್ಲ.

"ಏನೂ ಆಗಿಲ್ಲ ಕಣಪ್ಪ," ಎಂದೆ.

ಅವನು ತಿರುಗಲಿಲ್ಲ. "ಇನ್ನೊಂದ್ಸಲ ನೋಡಕ್ಕ," ಎಂದ.

ನೋಡಿದ್ದು ಸಾಕು, ನಿನ್ನದು ಅತಿಯಾಯಿತು ಎಂದೇ ಅಷ್ಟು ವರ್ಷ ಎಲ್ಲರೂ ನನಗೆ ಹೇಳಿದ್ದರು. ಇನ್ನೊಂದು ಸಲ ನೋಡು ಎಂದವರು ಯಾರೂ ಇರಲಿಲ್ಲ. ಕಣ್ಣೀರು ಒರೆಸಿಕೊಂಡು, ನೆತ್ತಿಯಿಂದ ಮತ್ತೆ ಶುರುಮಾಡಿದೆ.